ರೆಟ್ರೋ ನೈಟ್‌ಗೆ ಹೊರಟಿದ್ದೀರಾ? ನಿಮ್ಮ ಹೃದಯವನ್ನೂ ತಯಾರು ಮಾಡಿಕೊಳ್ಳಿ



ಈಗ ಎಲ್ಲಿ ನೋಡಿದರೂ ರೆಟ್ರೋ ನೈಟ್. ಹೌಸಿಂಗ್ ಸೊಸೈಟಿಯ ವಾರ್ಷಿಕೋತ್ಸವ ಇರಲಿ, ಹಳೆಯ ಕಾಲೇಜು ಗೆಳೆಯರ ಕೂಟ ಇರಲಿ, ಯಾರದೋ ಐವತ್ತನೇ ಹುಟ್ಟುಹಬ್ಬ ಇರಲಿ, ಥೀಮ್ ಮಾತ್ರ ಒಂದೇ: ಎಪ್ಪತ್ತು-ಎಂಬತ್ತರ ದಶಕ. ಮುಂಬೈ, ಪುಣೆಯಲ್ಲಾದರೆ 1980ರ 'ಕರ್ಜ್', 1982ರ 'ಡಿಸ್ಕೊ ಡ್ಯಾನ್ಸರ್' ಹಾಡುಗಳು. ಚೆನ್ನೈಯಲ್ಲಾದರೆ ಇಳಯರಾಜ. ನಮ್ಮವರು ನಾಲ್ಕು ಜನ ಸೇರಿದರೆ ಸಾಕು, ಡಿಜೆ ಹತ್ತಿರ ಹೋಗಿ ಶಂಕರ್‌ನಾಗ್ ಅವರ 'ಗೀತಾ', ರವಿಚಂದ್ರನ್ ಅವರ 'ಪ್ರೇಮಲೋಕ' ಹಾಕಿಸದೆ ಬಿಡುವುದಿಲ್ಲ. ಪೋಲ್ಕಾ ಚುಕ್ಕೆಯ ಸೀರೆ, ಬೆಲ್‌ಬಾಟಮ್, ದೊಡ್ಡ ಕನ್ನಡಕ, ಮೂರು ಗಂಟೆ ಕುಣಿತ.

ಹೃದ್ರೋಗ ವೈದ್ಯನಾಗಿ ನನಗೆ ಇದು ಸಂತೋಷದ ವಿಷಯವೇ. ಆದರೆ ಈ ಹಾಡುಗಳಿಗೆ ಕುಣಿಯುವವರ ವಯಸ್ಸು ಈಗ ನಲವತ್ತೈದರಿಂದ ಅರವತ್ತೈದು. ಬೆಲ್‌ಬಾಟಮ್ ತೊಟ್ಟ ಮನಸ್ಸಿಗೆ ಇಪ್ಪತ್ತೈದು ಅನ್ನಿಸಬಹುದು. ಒಳಗಿನ ರಕ್ತನಾಳ ತನ್ನ ವಯಸ್ಸನ್ನು ಮರೆಯುವುದಿಲ್ಲ. ಆದ್ದರಿಂದ "ಡಾಕ್ಟ್ರೇ, ಡ್ಯಾನ್ಸ್ ಮಾಡಬಹುದಾ?" ಎಂದು ಕೇಳುವ ಎಲ್ಲರಿಗೂ ಒಟ್ಟಿಗೇ ಈ ಉತ್ತರ. ದಯವಿಟ್ಟು ಕೊನೆಯವರೆಗೆ ಓದಿ.

*ಮೊದಲು ಒಳ್ಳೆಯ ಸುದ್ದಿ*

ನೃತ್ಯ ಪೂರ್ಣ ಪ್ರಮಾಣದ ವ್ಯಾಯಾಮ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಶ್ರಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಲೆಕ್ಕಕ್ಕೆ ಕುಣಿತವೂ ಸೇರುತ್ತದೆ. ಕಾಲಿನ ದೊಡ್ಡ ಸ್ನಾಯುಗಳು ಕೆಲಸ ಮಾಡುತ್ತವೆ, ಸಮತೋಲನ ಸುಧಾರಿಸುತ್ತದೆ, ನಿಯಮಿತವಾಗಿ ಮಾಡಿದರೆ ಬಿಪಿ, ಶುಗರ್ ಹತೋಟಿಗೆ ಬರಲು ಸಹಾಯವಾಗುತ್ತದೆ. ಜಿಮ್‌ಗೆ ಹಣ ಕಟ್ಟಿ ಎರಡೇ ವಾರಕ್ಕೆ ಬಿಟ್ಟವರೂ ಹಳೆಯ ಹಾಡು ಬಂದರೆ ಎದ್ದು ನಿಲ್ಲುತ್ತಾರೆ. ಇನ್ನು ಊರು ಬಿಟ್ಟು ಬಂದ ನಮ್ಮಂಥವರಿಗೆ ಗೆಳೆಯರ ಜೊತೆ ನಗುತ್ತಾ ಕಳೆದ ಒಂದು ಸಂಜೆ ಎಷ್ಟು ದೊಡ್ಡದು ಎಂದು ನಾನು ಹೇಳಬೇಕಾಗಿಲ್ಲ.

*ಹಾಗಾದರೆ ತೊಂದರೆ ಎಲ್ಲಿ?*

ಸುಮ್ಮನೆ ಕುಳಿತಿರುವಾಗ ದೇಹ ಬಳಸುವ ಶಕ್ತಿಯನ್ನು 1 ಎಂದಿಟ್ಟುಕೊಳ್ಳಿ. ನಿಧಾನ ಹಾಡಿಗೆ ಜೋಡಿಯಾಗಿ ಹೆಜ್ಜೆ ಹಾಕಿದರೆ ಅದು ಸುಮಾರು 3 ಆಗುತ್ತದೆ. ಚುರುಕಾದ ನಡಿಗೆಗೆ 4ರಿಂದ 5. ವೇಗದ ಡಿಸ್ಕೊ ಕುಣಿತದಲ್ಲಿ ಅದು 7ರ ಆಸುಪಾಸಿಗೂ ಹೋಗಬಹುದು. ವೈದ್ಯಕೀಯದಲ್ಲಿ 6 ದಾಟಿದರೆ ಅದನ್ನು ತೀವ್ರ ಶ್ರಮ ಎನ್ನುತ್ತೇವೆ.

ಇಡೀ ವಾರ ಕುರ್ಚಿ, ಕಾರು, ಲೋಕಲ್ ಟ್ರೈನು, ಸೋಫಾ ಎಂದು ಕಳೆದ ದೇಹವನ್ನು ಶನಿವಾರ ರಾತ್ರಿ ಒಮ್ಮೆಲೇ 1ರಿಂದ 7ಕ್ಕೆ ಏರಿಸುತ್ತೇವೆ. ಅಪಾಯ ಇರುವುದು ಈ ಜಿಗಿತದಲ್ಲಿ. ಇದರ ಬಗ್ಗೆ 1993ರಲ್ಲಿ ಅಮೆರಿಕದಿಂದ ಒಂದು ಪ್ರಸಿದ್ಧ ಅಧ್ಯಯನ ಪ್ರಕಟವಾಯಿತು. ತೀವ್ರ ಶ್ರಮದ ನಂತರದ ಒಂದು ಗಂಟೆಯಲ್ಲಿ ಹೃದಯಾಘಾತದ ಸಂಭವ ಎಷ್ಟು ಹೆಚ್ಚುತ್ತದೆ ಎಂದು ಅದರಲ್ಲಿ ನೋಡಿದರು. ವಾರಕ್ಕೆ ಒಮ್ಮೆಯೂ ವ್ಯಾಯಾಮ ಮಾಡದವರಲ್ಲಿ ಅದು 100 ಪಟ್ಟಿಗೂ ಹೆಚ್ಚು. ವಾರಕ್ಕೆ 5 ಬಾರಿ ಅಥವಾ ಅದಕ್ಕಿಂತ ಹೆಚ್ಚು ಮಾಡುವವರಲ್ಲಿ ಸುಮಾರು ಎರಡೂವರೆ ಪಟ್ಟು ಮಾತ್ರ.

ಈ ಅಂಕಿ ನೋಡಿ ಹೆದರಬೇಡಿ. ಯಾವುದೋ ಒಂದು ಗಂಟೆಯಲ್ಲಿ ಒಬ್ಬ ವ್ಯಕ್ತಿಗೆ ಹೃದಯಾಘಾತವಾಗುವ ಸಂಭವ ಮೂಲತಃ ಬಹಳ ಚಿಕ್ಕದು, ಆ ಚಿಕ್ಕದರ ಪಟ್ಟು ಇದು. ಆದರೆ ಪಾಠ ಸ್ಪಷ್ಟ. ಅಭ್ಯಾಸವಿದ್ದ ದೇಹಕ್ಕೆ ಕುಣಿತ ಔಷಧಿ. ಅಭ್ಯಾಸವಿಲ್ಲದ, ಒಳಗೆ ಅಡಚಣೆ ಇರುವ, ಅದನ್ನು ಯಾರಿಗೂ ಹೇಳದ ದೇಹಕ್ಕೆ ಅದೇ ಕುಣಿತ ಪರೀಕ್ಷೆ.

*ಯಾರು ಮೊದಲು ವೈದ್ಯರನ್ನು ಕೇಳಬೇಕು?*

ಈ ಕೆಳಗಿನ ಯಾವುದಾದರೂ ಒಂದಕ್ಕೆ ನಿಮ್ಮ ಉತ್ತರ 'ಹೌದು' ಎಂದಾದರೆ, ಕಾರ್ಯಕ್ರಮಕ್ಕೆ ಮುಂಚೆ ನಿಮ್ಮ ವೈದ್ಯರನ್ನು ಕಾಣಿ.

1. ಎರಡು ಮಹಡಿ ಮೆಟ್ಟಿಲನ್ನು ನಿಲ್ಲದೆ ಹತ್ತಿದರೆ ಎದೆ ಬಿಗಿಯುತ್ತದೆಯೇ, ಉಸಿರು ಸಾಲದೆ ನಿಲ್ಲಬೇಕಾಗುತ್ತದೆಯೇ?
2. ಈಚಿನ ವಾರಗಳಲ್ಲಿ ನಡೆಯುವಾಗ ಎದೆ, ದವಡೆ, ಎಡಗೈ ಅಥವಾ ಬೆನ್ನಿನಲ್ಲಿ ಭಾರ ಬಂದು, ನಿಂತರೆ ಹೋಗುತ್ತಿದೆಯೇ?
3. ಶ್ರಮ ಮಾಡುವಾಗ ಎಂದಾದರೂ ಕಣ್ಣು ಕತ್ತಲೆ ಬಂದು ಬಿದ್ದಿದ್ದೀರಾ?
4. ಬಿಪಿ 180/110 ಅಥವಾ ಅದಕ್ಕಿಂತ ಹೆಚ್ಚು ಇದೆಯೇ?
5. ಹೃದಯದ ಕವಾಟ ಕಿರಿದಾಗಿದೆ, ಹೃದಯದ ಸ್ನಾಯು ದಪ್ಪವಾಗಿದೆ, ಪಂಪಿಂಗ್ ಕಡಿಮೆ ಇದೆ ಎಂದು ಎಕೋ ಪರೀಕ್ಷೆಯಲ್ಲಿ ಹೇಳಿದ್ದಾರೆಯೇ?
6. ಈಚೆಗೆ ಹೃದಯಾಘಾತ, ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್ ಆಗಿದೆಯೇ?
7. ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ?

'ಹೌದು' ಎಂದ ಮಾತ್ರಕ್ಕೆ ಜೀವನಪೂರ್ತಿ ಕುಣಿಯಬಾರದು ಎಂದಲ್ಲ. ಸ್ಟೆಂಟ್ ಹಾಕಿಸಿಕೊಂಡ ಎಷ್ಟೋ ಜನ ಚೇತರಿಸಿಕೊಂಡ ನಂತರ ವೈದ್ಯರ ಸಲಹೆಯಂತೆ ನಡೆದು, ಅಭ್ಯಾಸ ಮಾಡಿ, ಆರಾಮಾಗಿ ಕುಣಿಯುತ್ತಾರೆ. ಯಾವಾಗ, ಎಷ್ಟು ಎಂಬುದನ್ನು ನಿಮ್ಮನ್ನು ಪರೀಕ್ಷಿಸಿದ ವೈದ್ಯರು ಹೇಳಲಿ, ವಾಟ್ಸ್‌ಆ್ಯಪ್ ಗುಂಪು ಬೇಡ.

*ನಾಲ್ಕು ವಾರದ ತಯಾರಿ*

ಬಟ್ಟೆ ಹೊಲಿಸಲು ಒಂದು ತಿಂಗಳು ಮುಂಚೆ ಓಡಾಡುತ್ತೀರಿ. ಅದೇ ತಿಂಗಳು ಕಾಲಿಗೂ ಕೊಡಿ.

ಮೊದಲ ವಾರ ದಿನಕ್ಕೆ 15-20 ನಿಮಿಷ ನಡಿಗೆ. ಎರಡನೇ ವಾರದಿಂದ 30 ನಿಮಿಷ, ವಾರಕ್ಕೆ ಐದು ದಿನ. ಮೂರನೇ ವಾರ ಮನೆಯಲ್ಲೇ ಎರಡು ಹಾಡಿಗೆ ಹೆಜ್ಜೆ ಹಾಕಿ. ನಾಲ್ಕನೇ ವಾರ ನಾಲ್ಕು ಹಾಡು. ಎಷ್ಟು ವೇಗ ಸರಿ? ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದು ಮಧ್ಯಮ ಶ್ರಮ. ಎರಡು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳಬೇಕಾದರೆ ತೀವ್ರ ಶ್ರಮಕ್ಕೆ ಹೋಗಿದ್ದೀರಿ, ನಿಧಾನಿಸಿ.

ಕೈಯಲ್ಲಿ ಸ್ಮಾರ್ಟ್‌ವಾಚ್ ಇರುವವರು 220ರಿಂದ ನಿಮ್ಮ ವಯಸ್ಸನ್ನು ಕಳೆಯಿರಿ. ಐವತ್ತು ವರ್ಷದವರಿಗೆ 170 ಬರುತ್ತದೆ. ನಾಡಿ ಬಡಿತ ಸುಮಾರು 109ರಿಂದ 129ರೊಳಗೆ ಇದ್ದರೆ ಮಧ್ಯಮ ಶ್ರಮ. ಇದು ಅಂದಾಜಿನ ಲೆಕ್ಕ. ಮೆಟೊಪ್ರೊಲಾಲ್, ಬಿಸೊಪ್ರೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿ ಹೆಚ್ಚು ಏರುವುದೇ ಇಲ್ಲ. ಅವರು ವಾಚನ್ನು ಬಿಟ್ಟು ಉಸಿರನ್ನೇ ನಂಬಲಿ.

*ಆ ಸಂಜೆ ಏನು ಮಾಡಬೇಕು, ಏನು ಬಿಡಬೇಕು*

ಮಾತ್ರೆ: "ಇವತ್ತು ಡ್ರಿಂಕ್ಸ್ ಇದೆ, ರಾತ್ರಿ ಮಾತ್ರೆ ಬೇಡ" ಎನ್ನುವುದು ಅತ್ಯಂತ ಅಪಾಯದ ಲೆಕ್ಕಾಚಾರ. ಬಿಪಿ ಮಾತ್ರೆಯನ್ನೂ, ಮುಖ್ಯವಾಗಿ ಸ್ಟೆಂಟ್ ಆದವರು ರಕ್ತ ಹೆಪ್ಪುಗಟ್ಟದಂತೆ ತೆಗೆದುಕೊಳ್ಳುವ ಆಸ್ಪಿರಿನ್, ಕ್ಲೋಪಿಡೊಗ್ರೆಲ್, ಟಿಕಾಗ್ರೆಲಾರ್ ಮಾತ್ರೆಗಳನ್ನೂ ತಪ್ಪಿಸಬೇಡಿ. ಬಿಡಬೇಕಾದದ್ದು ಡ್ರಿಂಕ್ಸ್.

ಊಟ: ಹೊಟ್ಟೆ ತುಂಬ ಬಿರಿಯಾನಿ ತಿಂದು ಕೂಡಲೇ ಕುಣಿದರೆ ಜೀರ್ಣಕ್ಕೂ ಸ್ನಾಯುವಿಗೂ ಒಟ್ಟಿಗೆ ರಕ್ತ ಒದಗಿಸಲು ಹೃದಯ ಹೆಣಗಾಡುತ್ತದೆ. ಹೋಗುವ ಮುಂಚೆ ಮನೆಯಲ್ಲಿ ಎರಡು ಇಡ್ಲಿಯೋ, ಸ್ವಲ್ಪ ಮೊಸರನ್ನವೋ ತಿನ್ನಿ. ಕುಣಿತ ಮೊದಲು, ದೊಡ್ಡ ಊಟ ಆಮೇಲೆ. ಊಟ ಮೊದಲೇ ಆಗಿಬಿಟ್ಟರೆ ಒಂದೂವರೆ-ಎರಡು ಗಂಟೆ ಬಿಡಿ.

ಶುಗರ್ ಇರುವವರಿಗೆ: ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಂಡು, ಸರಿಯಾಗಿ ಊಟ ಮಾಡದೆ ಕುಣಿದರೆ ಶುಗರ್ ಇಳಿಯುತ್ತದೆ. ಮದ್ಯವೂ ಸೇರಿದರೆ ಮಧ್ಯರಾತ್ರಿ ನಿದ್ದೆಯಲ್ಲೇ ಇಳಿಯಬಹುದು. ತೊದಲು ಮಾತು, ಬೆವರು, ನಡುಕ ನೋಡಿ ಉಳಿದವರು "ಜಾಸ್ತಿ ಆಗಿದೆ ಇವನಿಗೆ" ಎಂದು ನಕ್ಕು ಸುಮ್ಮನಾಗುತ್ತಾರೆ. ಜೇಬಿನಲ್ಲಿ ಗ್ಲೂಕೋಸ್ ಪುಡಿಯೋ ನಾಲ್ಕು ಚಾಕಲೇಟೋ ಇರಲಿ.

ಮದ್ಯ: ಒಂದು ರಾತ್ರಿ ಅತಿಯಾಗಿ ಕುಡಿದ ಮೇಲೆ ಹೃದಯದ ಲಯ ತಪ್ಪುವುದಕ್ಕೆ 'ಹಾಲಿಡೇ ಹಾರ್ಟ್' ಎಂಬ ಹೆಸರೇ ಇದೆ. ಅಮೆರಿಕದ ವೈದ್ಯರು ಈ ಹೆಸರಿಟ್ಟದ್ದು 1978ರಲ್ಲಿ. ನೀವು ಈಗ ನೆನಪು ಮಾಡಿಕೊಂಡು ಕುಣಿಯುತ್ತಿರುವ ಡಿಸ್ಕೊ ಕಾಲ ಅದೇ, ನಮ್ಮ ರಾಜ್‌ಕುಮಾರ್ ಅವರ 'ಆಪರೇಷನ್ ಡೈಮಂಡ್ ರಾಕೆಟ್' ಬಂದ ವರ್ಷವೂ ಅದೇ. ಎದೆ ಅಡ್ಡಾದಿಡ್ಡಿ ಹೊಡೆದುಕೊಂಡರೆ, ಅದು ನಿಲ್ಲದಿದ್ದರೆ ಇಸಿಜಿ ಮಾಡಿಸಲೇಬೇಕು. ಮದ್ಯದ ಜೊತೆ ಎನರ್ಜಿ ಡ್ರಿಂಕ್ ಬೆರೆಸುವುದು ಇನ್ನೂ ಕೆಟ್ಟದ್ದು. ಕೆಫೀನ್ ಇದ್ದಾಗ ಎಷ್ಟು ಕುಡಿದಿದ್ದೇವೆ ಎಂಬುದು ತಲೆಗೆ ಗೊತ್ತಾಗುವುದಿಲ್ಲ.

ನೀರು: ಮುಂಬೈ, ಚೆನ್ನೈ ಸೆಕೆಯಲ್ಲಿ ಒಂದು ಗಂಟೆ ಕುಣಿದರೆ ಅಂಗಿ ಹಿಂಡುವಷ್ಟು ಬೆವರುತ್ತದೆ. ಆಗಾಗ ನೀರು, ಮಜ್ಜಿಗೆ ಕುಡಿಯಿರಿ. ಹೃದಯ ವೈಫಲ್ಯಕ್ಕೆ ನೀರಿನ ಮಿತಿ ಹಾಕಿಸಿಕೊಂಡವರು ವೈದ್ಯರು ಹೇಳಿದಷ್ಟೇ ಕುಡಿಯಲಿ. ದೆಹಲಿ, ಪುಣೆಯ ಚಳಿಗಾಲದಲ್ಲಿ ಬೆವರಿದ ಮೈಯಲ್ಲೇ ಟೆರೇಸ್‌ಗೆ ಹೋಗಿ ನಿಲ್ಲಬೇಡಿ. ಚಳಿಗೆ ರಕ್ತನಾಳ ಕುಗ್ಗಿ ಬಿಪಿ ಏರುತ್ತದೆ. ಅಲ್ಲೇ ಸಿಗರೇಟ್ ಹಚ್ಚಿದರೆ ಅಪಾಯ ಇನ್ನೂ ಹೆಚ್ಚುತ್ತದೆ.

ಉಡುಪು: ಹೊಟ್ಟೆ ಒಳಗೆಳೆಯುವ ಬಿಗಿ ಬೆಲ್ಟ್ ಉಸಿರಾಟಕ್ಕೆ ಅಡ್ಡಿ. ಎತ್ತರದ ಹಿಮ್ಮಡಿಯ ಬೂಟು ಫೋಟೋಗೆ ಇರಲಿ, ಕುಣಿಯುವಾಗ ಚಪ್ಪಟೆ ತಳದ್ದು ಹಾಕಿ. ಪೇಸ್‌ಮೇಕರ್ ಇರುವವರು ದೊಡ್ಡ ಸ್ಪೀಕರ್‌ಗೆ ಎದೆ ಒರಗಿಸಿ ನಿಲ್ಲಬೇಡಿ, ಅದರೊಳಗೆ ಅಯಸ್ಕಾಂತ ಇರುತ್ತದೆ. ಒಂದೆರಡು ಅಡಿ ದೂರವಿದ್ದರೆ ಚಿಂತೆಯಿಲ್ಲ.

*ಡಿಜೆಗೆ ಒಂದು ಕೋರಿಕೆ*

ಹಳೆಯ ಹಾಡು ನಾಲ್ಕೈದು ನಿಮಿಷದಲ್ಲಿ ಮುಗಿಯುತ್ತಿತ್ತು. ಕ್ಯಾಸೆಟ್ ತಿರುಗಿಸಿ ಹಾಕುವಷ್ಟರಲ್ಲಿ ಎಲ್ಲರಿಗೂ ಉಸಿರು ಬರುತ್ತಿತ್ತು. ಈಗಿನ ರೀಮಿಕ್ಸ್‌ನಲ್ಲಿ ಒಂದು ಹಾಡು ಮುಗಿಯುವ ಮುಂಚೆಯೇ ಇನ್ನೊಂದು ಶುರು, ಅದೂ ಮೂಲಕ್ಕಿಂತ ವೇಗವಾಗಿ. ಅರ್ಧ ಗಂಟೆ ಬಿಡುವೇ ಇಲ್ಲ. ಆದ್ದರಿಂದ ಆಯೋಜಕರು ಮೊದಲ ಹತ್ತು ನಿಮಿಷ ನಿಧಾನ ಹಾಡು ಹಾಕಿಸಿ, ಅದೇ ವಾರ್ಮ್‌ಅಪ್. ನಂತರ ಎರಡು ವೇಗದ ಹಾಡಿಗೆ ಒಂದು ನಿಧಾನದ್ದು. ನಡುವೆ ಒಂದು ಅಂತ್ಯಾಕ್ಷರಿ ಇಟ್ಟರೆ ಎಲ್ಲರೂ ಕುಳಿತು ನೀರು ಕುಡಿಯುತ್ತಾರೆ. ವೇಗದ ಹಾಡು ನಿಂತ ಕೂಡಲೇ ಕಂಬದಂತೆ ನಿಲ್ಲಬೇಡಿ. ರಕ್ತ ಕಾಲಿನಲ್ಲೇ ಉಳಿದು ತಲೆ ಸುತ್ತಬಹುದು. ಎರಡು ನಿಮಿಷ ಅಲ್ಲೇ ಅಡ್ಡಾಡಿ, ಆಮೇಲೆ ಕುಳಿತುಕೊಳ್ಳಿ.

*'ಗ್ಯಾಸ್ ಇರಬೇಕು ಬಿಡೋ'*

ನಾನು ಈ ಲೇಖನ ಬರೆಯುತ್ತಿರುವುದೇ ಈ ಒಂದು ಮಾತಿಗಾಗಿ. ಪಾರ್ಟಿಯಲ್ಲಿ ಒಬ್ಬರು ಎದೆ ಒತ್ತಿಕೊಂಡು ಕುರ್ಚಿಗೆ ಬರುತ್ತಾರೆ. ಒಬ್ಬರು ಈನೋ ತರುತ್ತಾರೆ, ಇನ್ನೊಬ್ಬರು ಜೀರಾ ಸೋಡಾ. ಬೆನ್ನು ನೀವುತ್ತಾರೆ. ಒಂದು ತೇಗು ಬಂದರೆ ಎಲ್ಲರಿಗೂ ಸಮಾಧಾನ. ಹೀಗೆ ಮುಕ್ಕಾಲು ಗಂಟೆ ಹೋಗುತ್ತದೆ. ರಕ್ತನಾಳ ಪೂರ್ತಿ ಮುಚ್ಚಿದ್ದರೆ ಅಷ್ಟರಲ್ಲಿ ಹೃದಯದ ಸ್ನಾಯು ಸಾಯಲು ಶುರುವಾಗಿರುತ್ತದೆ.

ಎದೆಯ ನಡುವೆ ಭಾರ, ಹಿಂಡಿದಂತೆ, ಉರಿದಂತೆ ಆಗುವುದು. ಅದು ಕೈಗೆ, ದವಡೆಗೆ, ಬೆನ್ನಿಗೆ ಹರಡುವುದು. ತಣ್ಣನೆಯ ಬೆವರು, ವಾಂತಿ, ಉಸಿರು ಕಟ್ಟುವುದು, ಇವೆಲ್ಲ ಲಕ್ಷಣಗಳು. ಹೆಂಗಸರಲ್ಲಿ, ಶುಗರ್ ಇರುವವರಲ್ಲಿ ಎದೆನೋವೇ ಇಲ್ಲದೆ ಬರೀ ಉಬ್ಬಸ, ವಿಪರೀತ ಸುಸ್ತು, ವಾಕರಿಕೆ ಇರಬಹುದು. ಕುಣಿಯುವಾಗ ಎಲ್ಲರೂ ಬೆವರುತ್ತಾರೆ, ನಿಜ. ಆದರೆ ಕುಳಿತು ಐದು ನಿಮಿಷವಾದರೂ ಬೆವರು ನಿಲ್ಲದೆ, ಮುಖ ಬಿಳಿಚಿಕೊಂಡಿದ್ದರೆ ಅದು ಕುಣಿತದ ಬೆವರಲ್ಲ.

ಆಗ ಮಾಡಬೇಕಾದದ್ದು:

1. ಒರಗಿ ಕೂರಿಸಿ. ನಡೆಸಬೇಡಿ, ಮೆಟ್ಟಿಲು ಇಳಿಸಬೇಡಿ.
2. ಆಂಬುಲೆನ್ಸ್ ಕರೆಯಿರಿ. ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣ, ಕರ್ನಾಟಕದಲ್ಲಿ 108. ದೆಹಲಿಯಲ್ಲಿ 102. ಎಲ್ಲ ಕಡೆ ತುರ್ತು ಸಂಖ್ಯೆ 112.
3. ಅವರೇ ಕಾರು ಓಡಿಸಿಕೊಂಡು ಹೋಗಲು ಬಿಡಬೇಡಿ.
4. ಹತ್ತಿರದ ಕ್ಲಿನಿಕ್‌ಗಿಂತ, ರಾತ್ರಿಯೂ ಆಂಜಿಯೋಪ್ಲಾಸ್ಟಿ ಸೌಲಭ್ಯ ಇರುವ ಆಸ್ಪತ್ರೆಗೇ ಹೋಗಿ. ಅದು ಬಹಳ ದೂರವಿದ್ದರೆ ಇಸಿಜಿ ಮತ್ತು ಹೆಪ್ಪು ಕರಗಿಸುವ ಇಂಜೆಕ್ಷನ್ ಇರುವ ಹತ್ತಿರದ ಆಸ್ಪತ್ರೆ. ಯಾವುದು ಎಂದು ಪಾರ್ಟಿಗೆ ಮುಂಚೆಯೇ ಗೊತ್ತು ಮಾಡಿಕೊಂಡಿರಿ.
5. ಅಲರ್ಜಿ, ರಕ್ತಸ್ರಾವ, ಹೊಟ್ಟೆ ಹುಣ್ಣು ಇಲ್ಲದವರಿಗೆ 300-325 ಮಿಲಿಗ್ರಾಂ ಆಸ್ಪಿರಿನ್ ಅಗಿಯಲು ಕೊಡಬಹುದೇ ಎಂದು ಫೋನಿನಲ್ಲೇ ಆಂಬುಲೆನ್ಸ್‌ನವರನ್ನೋ ವೈದ್ಯರನ್ನೋ ಕೇಳಿ.

ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆಯನ್ನು "ಎಲ್ಲರೂ ಜೇಬಿನಲ್ಲಿ ಇಟ್ಟುಕೊಳ್ಳಿ" ಎಂಬ ಸಂದೇಶ ನಿಮಗೂ ಬಂದಿರುತ್ತದೆ. ವೈದ್ಯರು ಬರೆದುಕೊಟ್ಟವರಿಗೆ ಮಾತ್ರ ಅದು. ಬಿಪಿ ಕಡಿಮೆ ಇರುವವರಿಗೆ ಕೊಟ್ಟರೆ ಬಿಪಿ ಮತ್ತೂ ಕುಸಿಯುತ್ತದೆ. ಹಿಂದಿನ 24 ಗಂಟೆಯಲ್ಲಿ ಸಿಲ್ಡೆನಾಫಿಲ್, ಅಂದರೆ ವಯಾಗ್ರದಂಥ ಮಾತ್ರೆ, ಅಥವಾ 48 ಗಂಟೆಯಲ್ಲಿ ಟಡಾಲಫಿಲ್ ತೆಗೆದುಕೊಂಡಿದ್ದರೆ ಅದು ಪ್ರಾಣಾಪಾಯ. ಇಂಥ ಮಾತ್ರೆ ತೆಗೆದುಕೊಂಡಿದ್ದರೆ ನಾಚಿಕೆ ಬಿಟ್ಟು ಆಸ್ಪತ್ರೆಯಲ್ಲಿ ಹೇಳಿ. ನಮಗೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಹಾಗೆಯೇ "ಒಬ್ಬರೇ ಇದ್ದಾಗ ಜೋರಾಗಿ ಕೆಮ್ಮಿ ಹೃದಯಾಘಾತದಿಂದ ಪಾರಾಗಿ", "ಖಾರದ ಪುಡಿ ನೀರು ಕುಡಿದರೆ ಒಂದೇ ನಿಮಿಷದಲ್ಲಿ ಹೃದಯಾಘಾತ ನಿಲ್ಲುತ್ತದೆ" ಎಂಬ ಸಂದೇಶಗಳನ್ನು ನಂಬಬೇಡಿ, ಮುಂದಕ್ಕೆ ಕಳುಹಿಸಬೇಡಿ. ಕೆಮ್ಮುವ ಆ ನಿಮಿಷದಲ್ಲಿ 108ಕ್ಕೆ ಫೋನ್ ಮಾಡಬಹುದು.

*ಕುಸಿದು ಬಿದ್ದರೆ: ಡಿಸ್ಕೊ ತಾಳವೇ ಜೀವ ಉಳಿಸುತ್ತದೆ*

ಹೃದಯಾಘಾತದಲ್ಲಿ ರಕ್ತನಾಳ ಮುಚ್ಚುತ್ತದೆ, ಮನುಷ್ಯನಿಗೆ ಪ್ರಜ್ಞೆ ಇರುತ್ತದೆ. ಹೃದಯ ಸ್ತಂಭನದಲ್ಲಿ ಬಡಿತವೇ ನಿಂತು ಕುಸಿದು ಬೀಳುತ್ತಾರೆ. ಏನೂ ಮಾಡದಿದ್ದರೆ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ಶನಿವಾರ ರಾತ್ರಿಯ ಟ್ರಾಫಿಕ್‌ನಲ್ಲಿ ಆಂಬುಲೆನ್ಸ್ ಬರಲು ಎಷ್ಟು ಹೊತ್ತು ಎಂದು ನಿಮಗೇ ಗೊತ್ತು. ಅಲ್ಲಿಯವರೆಗೆ ಹೃದಯದ ಕೆಲಸ ಮಾಡಬೇಕಾದವರು ಪಕ್ಕದಲ್ಲಿ ಕುಣಿಯುತ್ತಿದ್ದ ನೀವೇ.

ಭುಜ ತಟ್ಟಿ ಕೂಗಿ. ಉತ್ತರವಿಲ್ಲ, ಉಸಿರಾಟವಿಲ್ಲ ಅಥವಾ ಗೊರಗೊರ ಎಂದು ಅಪರೂಪಕ್ಕೊಮ್ಮೆ ಉಸಿರು ಎಳೆಯುತ್ತಿದ್ದಾರೆ ಎಂದರೆ ಕೂಡಲೇ ಸಿಪಿಆರ್ ಶುರುಮಾಡಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಎದೆಮೂಳೆಯ ಕೆಳ ಅರ್ಧಭಾಗದ ಮೇಲೆ ಒಂದು ಅಂಗೈಯ ಬುಡ ಇಟ್ಟು, ಅದರ ಮೇಲೆ ಇನ್ನೊಂದು ಕೈ ಇಡಿ. ಮೊಣಕೈ ಮಡಿಸದೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಿ, ಪ್ರತಿ ಸಲ ಪೂರ್ತಿ ಮೇಲೆ ಬರಲು ಬಿಡಿ. ನಿಮಿಷಕ್ಕೆ 100ರಿಂದ 120 ಸಲ. ಎರಡು ನಿಮಿಷಕ್ಕೊಮ್ಮೆ ಇನ್ನೊಬ್ಬರು ಕೈ ಬದಲಿಸಲಿ. ಕ್ಲಬ್ ಅಥವಾ ಹೋಟೆಲ್‌ನಲ್ಲಿ ಎಇಡಿ ಯಂತ್ರ ಇದ್ದರೆ ತರಿಸಿ, ಅದನ್ನು ಹಚ್ಚಿದರೆ ಏನು ಮಾಡಬೇಕೆಂದು ಅದೇ ಹೇಳುತ್ತದೆ.

ನಿಮಿಷಕ್ಕೆ ನೂರು ಎಂಬ ವೇಗವನ್ನು ನೆನಪಿಡುವುದು ಹೇಗೆ? ಬೀ ಜೀಸ್ ತಂಡದ 1977ರ ಡಿಸ್ಕೊ ಹಾಡು 'ಸ್ಟೇಯಿಂಗ್ ಅಲೈವ್' ನಿಮಗೆ ಗೊತ್ತಿರುತ್ತದೆ, ರೆಟ್ರೋ ನೈಟ್‌ನಲ್ಲಿ ಅದು ಬಂದೇ ಬರುತ್ತದೆ. ಅದರ ತಾಳ ನಿಮಿಷಕ್ಕೆ ಸುಮಾರು 103. ಬ್ರಿಟಿಷ್ ಹಾರ್ಟ್ ಫೌಂಡೇಶನ್ 2012ರಲ್ಲಿ ಇದೇ ಹಾಡನ್ನು ಬಳಸಿ ಜನರಿಗೆ ಎದೆ ಒತ್ತುವುದನ್ನು ಟಿವಿಯಲ್ಲಿ ಕಲಿಸಿತು. ನಿಮ್ಮ ಕಾರ್ಯಕ್ರಮದಲ್ಲೂ ಆ ಹಾಡು ಬಂದಾಗ ಐದು ನಿಮಿಷ ಎಲ್ಲರೂ ಒಂದು ದಿಂಬಿನ ಮೇಲೆ ಕೈಯಿಟ್ಟು ತಾಳ ಅಭ್ಯಾಸ ಮಾಡಿ. ನಗು ಬರುತ್ತದೆ, ಬರಲಿ.

*ಮುಚ್ಚಿಡಬೇಡಿ*

ಊರಿನಲ್ಲಾದರೆ ಅಣ್ಣ, ಭಾವ, ಪಕ್ಕದ ಮನೆಯವರು, ಎಲ್ಲರಿಗೂ ನಮ್ಮ ಕಾಯಿಲೆ ಗೊತ್ತಿರುತ್ತದೆ. ಇಲ್ಲಿ ಹಾಗಿಲ್ಲ. ಕೆಲಸದ ಜಾಗದಲ್ಲಿ ಗೊತ್ತಾದರೆ ಏನಂದುಕೊಳ್ಳುತ್ತಾರೋ, ಗೆಳೆಯರು ಮುದುಕ ಎನ್ನುತ್ತಾರೋ ಎಂದು ಸ್ಟೆಂಟ್ ಹಾಕಿಸಿಕೊಂಡದ್ದನ್ನೂ ಮುಚ್ಚಿಡುವವರಿದ್ದಾರೆ. ಗೆಳೆಯರು ಕೈ ಹಿಡಿದು ಎಳೆದಾಗ "ಬೇಡ" ಎನ್ನಲು ಸಂಕೋಚಪಟ್ಟು ಕುಣಿಯುತ್ತಾರೆ. ಅವರು ಬಿದ್ದಾಗ ಪಕ್ಕದವರಿಗೆ ಯಾವ ಮಾತ್ರೆ, ಯಾವ ಆಸ್ಪತ್ರೆ, ಹೆಂಡತಿಯ ಫೋನ್ ನಂಬರ್ ಏನು ಎಂಬುದೇ ಗೊತ್ತಿರುವುದಿಲ್ಲ.

ಪರಊರಿನಲ್ಲಿ ಗೆಳೆಯರೇ ಬಂಧುಗಳು. ಇಬ್ಬರಿಗಾದರೂ ನಿಜ ಹೇಳಿ. ಪರ್ಸಿನಲ್ಲಿ ಒಂದು ಚೀಟಿ ಇರಲಿ: ಹೆಸರು, ಕಾಯಿಲೆ, ತೆಗೆದುಕೊಳ್ಳುವ ಮಾತ್ರೆ, ಅಲರ್ಜಿ, ಮನೆಯವರ ನಂಬರ್. ಆಂಬುಲೆನ್ಸ್ ಸಿಬ್ಬಂದಿಗೆ ಕನ್ನಡ ಬಾರದಿರಬಹುದು, ಆದ್ದರಿಂದ ಇಂಗ್ಲಿಷ್‌ನಲ್ಲಿ ಅಥವಾ ಅಲ್ಲಿನ ಭಾಷೆಯಲ್ಲಿ ಬರೆಯಿರಿ. ಹಾಗೆಯೇ ಒಬ್ಬರು "ನನಗೆ ಸಾಕು" ಎಂದು ಕುಳಿತರೆ ಅವರನ್ನು ಮತ್ತೆ ಎಳೆಯಬೇಡಿ. ಪಕ್ಕದಲ್ಲಿ ಎರಡು ನಿಮಿಷ ಕುಳಿತು "ಹೇಗನಿಸುತ್ತಿದೆ?" ಎಂದು ಕೇಳಿ.

ಮರುದಿನ ಬೆಳಿಗ್ಗೆ ಮೈಕೈ ನೋವು ಸಹಜ. ಆದರೆ ಎದೆ ಭಾರ, ಉಬ್ಬಸ, ನಿಲ್ಲದ ಎದೆಬಡಿತ, ತಲೆಸುತ್ತು ಸಹಜವಲ್ಲ. ಭಾನುವಾರ ಎಂದು ಸೋಮವಾರದವರೆಗೆ ಕಾಯಬೇಡಿ, ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

*ಒಂದೇ ನೋಟದಲ್ಲಿ*

✔ ನಾಲ್ಕು ವಾರ ಮುಂಚೆ ನಡಿಗೆ ಶುರು
✔ ಸಂದೇಹವಿದ್ದರೆ ವೈದ್ಯರ ಒಪ್ಪಿಗೆ
✔ ಆ ದಿನವೂ ಮಾತ್ರೆ ತಪ್ಪಿಸಬೇಡಿ
✔ ಕುಣಿತ ಮೊದಲು, ದೊಡ್ಡ ಊಟ ಆಮೇಲೆ
✔ ಎರಡು ವೇಗದ ಹಾಡಿಗೆ ಒಂದು ನಿಧಾನದ ಹಾಡು
✔ ಎದೆ ಭಾರ ಎಂದರೆ ಗ್ಯಾಸ್ ಅಲ್ಲ ಎಂದೇ ತಿಳಿದು 108 / 112
✔ ಎಲ್ಲರೂ ಸಿಪಿಆರ್ ಕಲಿಯಿರಿ
✔ ಇಬ್ಬರು ಗೆಳೆಯರಿಗೆ ನಿಮ್ಮ ಕಾಯಿಲೆ ಗೊತ್ತಿರಲಿ

ಶನಿವಾರ ಚೆನ್ನಾಗಿ ಕುಣಿಯಿರಿ. ಸೋಮವಾರದಿಂದ ದಿನಕ್ಕೆ ಮೂರು ಹಾಡಿನಂತೆ ಮನೆಯಲ್ಲೇ ಮುಂದುವರಿಸಿ. ಮುಂದಿನ ವರ್ಷದ ರೆಟ್ರೋ ನೈಟ್‌ಗೆ ಅದಕ್ಕಿಂತ ಒಳ್ಳೆಯ ತಯಾರಿ ಇಲ್ಲ.

ನಿಮ್ಮ ರೆಟ್ರೋ ನೈಟ್ ಗುಂಪಿಗೆ ಇದನ್ನು ಇವತ್ತೇ ಕಳುಹಿಸಿ. ಡಿಜೆಗೂ ಒಂದು ಪ್ರತಿ ಹೋಗಲಿ.

— ನಿಮ್ಮ ಹೃದ್ರೋಗ ತಜ್ಞ, ಎಂ.ಡಿ.

(ಇದು ಸಾಮಾನ್ಯ ತಿಳಿವಳಿಕೆಗಾಗಿ ಬರೆದ ಲೇಖನ. ನಿಮ್ಮ ಚಿಕಿತ್ಸೆಯನ್ನು ನಿಮ್ಮ ವೈದ್ಯರನ್ನು ಕೇಳದೆ ಬದಲಿಸಬೇಡಿ.)